ಬಸ್ರಾದ ಹೇಸರಗತ್ತೆ, ಮಣಿಪುರದ ಲಾರಿ

ನ್ಯಾಮತಿ ಸಂತೆ ಬಯಲಿನ ಅಂಚಿನ ಹುಣಸೆಮರದ ಕೆಳಗೆ ಮೌಲಾಸಾಬ ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದ. ಸುತ್ತಲ ಹಳ್ಳಿಯವರಲ್ಲಿ ಕೆಲವರು ಅವನನ್ನು ಲಾಳದ ಸಾಬಣ್ಣ ಎನ್ನುತ್ತಿದ್ದರು, ಕೆಲವರು ಬಸ್ರಾ ಸಾಬಣ್ಣ ಎನ್ನುತ್ತಿದ್ದರು. ಎರಡನೆಯ ಹೆಸರು ಮೊದಲನೆಯ ಮಹಾಯುದ್ಧ ಕೊಟ್ಟದ್ದು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಮೈಸೂರು ಸಂಸ್ಥಾನದ ಸಾಮಾನು ಸಾಗಿಸುವ ದಂಡಿಗೆ ಸೇರಿ, ಹಡಗು ಹತ್ತಿ, ಇರಾಕಿನ ಬಸ್ರಾದಲ್ಲಿ ಇಳಿದಿದ್ದ. ಬ್ರಿಟಿಷರಿಗಾಗಿ ತುರ್ಕರ ಮೇಲೆ ಹೊರಟ ಸೈನ್ಯದ ಹೇಸರಗತ್ತೆಗಳಿಗೆ ಯುದ್ಧ ಮುಗಿಯುವ ತನಕ ಲಾಳ ಹೊಡೆದಿದ್ದ.

ಊರಿಗೆ ಮರಳಿದಾಗ ಅವನಿಗೆ ಯಾರೂ ಹಾರ ಹಿಡಿದು ನಿಂತಿರಲಿಲ್ಲ. ತುರ್ಕಿಯ ಸುಲ್ತಾನನೆಂದರೆ ಮುಸಲ್ಮಾನರ ಪಾಲಿಗೆ ಖಲೀಫ. ಅವನ ಪರವಾಗಿ ದೇಶದ ತುಂಬ ಚಳವಳಿ ಎದ್ದಿದ್ದ ಕಾಲವದು. ಮಸೀದಿಯಲ್ಲಿ ಮೌಲಾಸಾಬ ಸಲಾಮು ಹೇಳಿದರೆ ಹಿರಿಯರು ಸೂರು ನೋಡುತ್ತಿದ್ದರು. ಖಲೀಫನ ಮೇಲೆ ಹತಾರ ಎತ್ತಿದವನಿಗೆ ಯಾರು ಹೆಣ್ಣು ಕೊಟ್ಟಾರು? ಕೊನೆಗೆ ಚನ್ನಗಿರಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಒಬ್ಬ ಮುದುಕ, "ಈ ಹುಡುಗ ಎತ್ತಿದ್ದು ಹತಾರ ಅಲ್ಲ, ಸುತ್ತಿಗೆ. ಕತ್ತೆಗೆ ಕೆರ ತೊಡಿಸಿದ್ದಕ್ಕೆ ಅಲ್ಲಾ ಯಾಕೆ ಸಿಟ್ಟಾಗ್ತಾನೆ?" ಎಂದು ತನ್ನ ಮಗಳು ರಹಮತ್‌ಬೀಯನ್ನು ನಿಕಾ ಮಾಡಿಕೊಟ್ಟ. ಕೆಲವೇ ವರ್ಷಗಳಲ್ಲಿ ತುರ್ಕರು ತಮ್ಮ ಖಲೀಫನನ್ನು ತಾವೇ ಮನೆಗೆ ಕಳಿಸಿಬಿಟ್ಟರು. ನ್ಯಾಮತಿಯವರ ಸಿಟ್ಟಿಗೆ ವಾರಸುದಾರರೇ ಇಲ್ಲದಂತಾಯಿತು.

ಆ ಬಹಿಷ್ಕಾರದ ದಿನಗಳಲ್ಲಿ ಹುಣಸೆಮರದ ಕೆಳಗೆ ತಪ್ಪದೆ ಎತ್ತು ಹೊಡೆದುಕೊಂಡು ಬರುತ್ತಿದ್ದವನು ಗಾದ್ರಪ್ಪ. ಅವನು ಹುಟ್ಟಿದ್ದು ಜಗಳೂರು ಸೀಮೆಯಲ್ಲಿ. ಅತ್ತೆಯ ಹೊಲ ನೋಡಿಕೊಳ್ಳಲು ಮನೆ ಅಳಿಯನಾಗಿ ನ್ಯಾಮತಿ ಮಗ್ಗುಲಿನ ಹಳ್ಳಿಗೆ ಬಂದವನು. ಊರಿಗೆ ಹೊಸಬ, ಹೊರಗಿನವನು. ಹೊರಗಿನವನಿಗೆ ಹೊರಗಿನವನೇ ಗಂಟು ಬಿದ್ದ. ಇಬ್ಬರದೂ ಒಂದೇ ವಾರಗೆ, ಒಂದೇ ಬೀಡಿ, ಒಂದೇ ಬೈಗುಳ. "ಜಗಳೂರಿನೋನು ಜಗಳ ಬಿಟ್ಟಾನೇನಪ್ಪ" ಎಂದು ಮೌಲಾಸಾಬ ನಗುತ್ತಿದ್ದ. ಗಾದ್ರಪ್ಪ ಯಾವುದನ್ನಾದರೂ ಸರಿ ಎಂದು ನಂಬಿದರೆ ಅದಕ್ಕಾಗಿ ಜಗಳವಾಡದೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಕಾಂಗ್ರೆಸ್ಸು ಹಳ್ಳಿಗೆ ಬಂದ ಮೇಲೆ ಖಾದಿ ತೊಟ್ಟ, ಸಭೆಗಳಿಗೆ ಹೊನ್ನಾಳಿವರೆಗೆ ನಡೆದುಹೋದ, ಬ್ರಿಟಿಷರ ಈ ಎರಡನೆಯ ಯುದ್ಧಕ್ಕೆ ಒಬ್ಬ ಆಳನ್ನೂ ಕೊಡಬೇಡಿ ಎಂದು ಸಂತೆಯಲ್ಲಿ ನಿಂತು ಕೂಗಿದ. ನಲವತ್ತೆರಡರ ಚಳವಳಿಯಲ್ಲಿ ಪೊಲೀಸರು ಅವನನ್ನು ಹಿಡಿದು ಶಿವಮೊಗ್ಗದ ಜೈಲಿಗೆ ಕಳಿಸಿದರು.

ಅಪ್ಪ ಜೈಲಿನಲ್ಲಿದ್ದಾಗಲೇ ಒಬ್ಬನೇ ಮಗ ಅಂಜಿನಪ್ಪ ಮಿಲಿಟರಿಗೆ ಸೇರಿ ಹೊರಟುಹೋದ.

ಈ ಸುದ್ದಿಯನ್ನು ಜೈಲಿನಲ್ಲಿದ್ದ ಗೆಳೆಯನಿಗೆ ಮುಟ್ಟಿಸಬೇಕಾದ ಕೆಲಸ ಮೌಲಾಸಾಬನ ತಲೆಗೇ ಬಂತು. ಗಾದ್ರಪ್ಪ ಕೇಳಿಸಿಕೊಂಡು ಏನೂ ಅನ್ನಲಿಲ್ಲ. ಜಗಳವಾಡದ ಗಾದ್ರಪ್ಪನನ್ನು ಮೌಲಾಸಾಬ ಕಂಡದ್ದು ಅಂದೇ ಮೊದಲು. ಅವನಿಗೆ ಹೆದರಿಕೆಯಾಯಿತು.

ಯುದ್ಧ ಮುಗಿದು, ನಲವತ್ತಾರರ ಕಾರಹುಣ್ಣಿಮೆಗೆ ಮುಂಚೆ ಅಂಜಿನಪ್ಪ ಮರಳಿ ಬಂದ. ಬರ್ಮಾ ಗಡಿಯಲ್ಲಿ ಲಾರಿ ಓಡಿಸಿ, ಮಲೇರಿಯಾಕ್ಕೆ ಸಿಕ್ಕಿ, ಕಣ್ಣು ಗುಳಿಬಿದ್ದು ಬಂದಿದ್ದ. ತಾಯಿ ಹುಲಿಗೆಮ್ಮ ಅಪ್ಪಿಕೊಂಡು ಅತ್ತಳು. ಜೈಲಿನಿಂದ ಎಂದೋ ಬಿಡುಗಡೆಯಾಗಿದ್ದ ಅಪ್ಪ ಮಾತ್ರ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದವನು ತಲೆ ಎತ್ತಲಿಲ್ಲ. ಮಳೆಗಾಲ ಬಂತು, ಹೋಯಿತು. ದೀಪಾವಳಿ ಬಂತು, ಹೋಯಿತು. ಒಂದೇ ಸೂರಿನ ಕೆಳಗೆ ಅಪ್ಪ ಮಗ ಒಂದೇ ಒಂದು ಮಾತಾಡಲಿಲ್ಲ.

ಒಂದು ದಿನ ಹುಲಿಗೆಮ್ಮ ಹುಣಸೆಮರದ ಕೆಳಗೆ ಬಂದು ಸೆರಗು ಸಿಕ್ಕಿಸಿಕೊಂಡು ನಿಂತಳು.

"ಮೌಲಣ್ಣ, ನನಗಿನ್ನು ಆಗಾಕಿಲ್ಲ. 'ಆ ಮಿಲ್ಟ್ರಿಯೋನಿಗೆ ಹೊಲಕ್ಕೆ ನೀರು ಕಟ್ಟು ಅನ್ನು' ಅಂತಾರೆ ಇವರು. 'ಕಟ್ಟೀನಿ ಅಂತ ಹೇಳವ್ವ' ಅಂತಾನೆ ಅವನು. ಇಬ್ಬರೂ ಅಲ್ಲೇ ಮಾರು ದೂರದಾಗೆ ಕುಂತಿರ್ತಾರೆ! ನಾನೇನು ಟಪಾಲಿನ ಪೇದೆಯಾ? ಮೊದಲೆಲ್ಲ ಮನೆ ತುಂಬ ಜಗಳ ಇರ್ತಿತ್ತು. ಆ ಜಗಳನಾದ್ರೂ ವಾಪಸ್ ತಂದುಕೊಡು ನನಗೆ."

ಮೌಲಾಸಾಬ ಸುತ್ತಿಗೆ ಕೆಳಗಿಟ್ಟು ಗಡ್ಡ ಕೆರೆದುಕೊಂಡ. "ತಂಗಿ, ನಿಮ್ಮ ಎತ್ತಿನ ಲಾಳ ಸವೆದಾವಲ್ಲ?"

"ನಾನು ಏನು ಹೇಳ್ತಿದೀನಿ, ನೀನು ಏನು ಕೇಳ್ತಿದಿ!"

"ಸವೆದಾವೋ ಇಲ್ಲೋ? ಜೋಳ ಹೇರಾಕೆ ಗಾಡಿ ಕಟ್ಟಬೇಕು. ಗಾದ್ರಿ ಒಬ್ಬನೇ ಬಂದ್ರೆ ನಾನು ಲಾಳ ಕಟ್ಟಾಕಿಲ್ಲ. ನನ್ನ ಕೈಯಾಳು ರಂಗಣ್ಣ ಸೂರಗೊಂಡನಕೊಪ್ಪಕ್ಕೆ ಹೋಗ್ಯಾನೆ, ಇನ್ನೊಬ್ಬರು ಬೇಕೇ ಬೇಕು, ಮಗನ್ನ ಕಳಿಸ್ತೀನಿ ಅಂತ ಹೇಳು."

ಹುಲಿಗೆಮ್ಮ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಏನೂ ಕೇಳದೆ ಹೊರಟುಹೋದಳು. ರಂಗಣ್ಣ ಅತ್ತ ಮರದ ಹಿಂದೆ ಕೂತು ರೊಟ್ಟಿ ತಿನ್ನುತ್ತಿದ್ದ. ಅವನಿಗೆ ಮೌಲಾಸಾಬ ಎರಡು ದಿನ ರಜೆ ಕೊಟ್ಟ.

ಎತ್ತಿಗೆ ಲಾಳ ಹೊಡೆಯುವುದೆಂದರೆ ಅದನ್ನು ನಿಲ್ಲಿಸಿಕೊಂಡು ಮಾಡುವ ಕೆಲಸವಲ್ಲ. ಹಗ್ಗ ಸುತ್ತಿ ಕೆಡವಬೇಕು, ನಾಲ್ಕೂ ಕಾಲು ಜೋಡಿಸಿ ಕಟ್ಟಬೇಕು. ಒಬ್ಬ ತಲೆಯ ಹತ್ತಿರ ಕೂತು ಕೊಂಬು ಮೂಗುದಾರ ಹಿಡಿದಿರಬೇಕು, ಇನ್ನೊಬ್ಬ ಕಾಲುಗಳನ್ನು ಅದುಮಿ ಹಿಡಿದಿರಬೇಕು. ಕೊನೆಯ ಮೊಳೆ ಕೂರುವ ತನಕ ಇಬ್ಬರೂ ಜಾಗ ಬಿಟ್ಟು ಏಳುವಂತಿಲ್ಲ. ಬಿಟ್ಟರೆ ಎತ್ತು ಕೊಸರಿಕೊಂಡು ತನಗೂ ಗಾಯ ಮಾಡಿಕೊಳ್ಳುತ್ತದೆ, ಹತ್ತಿರವಿದ್ದವರಿಗೂ ಮಾಡುತ್ತದೆ. ಮೌಲಾಸಾಬನ ಲೆಕ್ಕಾಚಾರ ಇಷ್ಟೇ.

ಮರುದಿನ ಬೆಳಿಗ್ಗೆ ಗಾದ್ರಪ್ಪ ಮುಂದೆ, ಎತ್ತು ನಡುವೆ, ಅಂಜಿನಪ್ಪ ಹಿಂದೆ, ಹೀಗೆ ಬಂದರು. ಎತ್ತು ಕೆಡವಿದ್ದಾಯಿತು. ಗಾದ್ರಪ್ಪ ತಲೆ ಹಿಡಿದ. ಅಂಜಿನಪ್ಪ ಕಾಲು ಹಿಡಿದ. ಮೌಲಾಸಾಬ ಎಂದೂ ಇಲ್ಲದ ನಿಧಾನದಲ್ಲಿ ಹಳೆಯ ಲಾಳ ಕಿತ್ತ, ಗೊರಸು ಕೆತ್ತಿದ, ಊದಿ ನೋಡಿದ, ಮತ್ತೆ ಕೆತ್ತಿದ.

"ಏನೋ ಮೌಲಾ, ಎತ್ತಿಗೆ ಲಾಳ ಕಟ್ಟತೀಯೋ, ಮದುಮಗಳಿಗೆ ಮೆಹಂದಿ ಹಾಕ್ತೀಯೋ?" ಎಂದ ಗಾದ್ರಪ್ಪ.

"ವಯಸ್ಸಾತು ಕಣೋ. ಅಂಜಿನಿ, ನಿಮ್ಮ ಯುದ್ಧದಾಗೆ ಹೇಸರಗತ್ತೆ ಇದ್ದವೇನೋ?"

ಅಂಜಿನಪ್ಪ ತಲೆ ಎತ್ತಿದ. ಊರಿಗೆ ಬಂದ ಮೇಲೆ ಅವನ ಯುದ್ಧದ ಬಗ್ಗೆ ಒಬ್ಬರೂ ಕೇಳಿರಲಿಲ್ಲ. "ಇದ್ದವು ಮಾಮ. ಲಾರಿ ಹೋಗದ ಬೆಟ್ಟಕ್ಕೆಲ್ಲ ಅವೇ. ಅವು ಒದರಿದ್ರೆ ಜಪಾನಿನೋರಿಗೆ ಕೇಳಿಸ್ತೈತೆ ಅಂತ ಗಂಟಲ ನರ ಕೊಯ್ಸಿದ್ರು. ಬಾಯಿ ತೆಗೀತಿದ್ವು, ಸದ್ದು ಬರ್ತಿರಲಿಲ್ಲ."

ಮೌಲಾಸಾಬನ ಸುತ್ತಿಗೆ ನಿಂತಿತು. "ಯಾ ಅಲ್ಲಾ. ನಮ್ಮ ಕಾಲದಾಗೆ ಒದರಾಕಾದ್ರೂ ಬಿಟ್ಟಿದ್ರು." ಅವನು ಒಂದು ಮೊಳೆಯನ್ನು ತುಟಿಗಳ ನಡುವಿನಿಂದ ತೆಗೆದು ಕೈಯಲ್ಲಿ ಹಿಡಿದ. "ನನ್ನ ಹತ್ರ ಒಂದಿತ್ತು, ಚಾಂದನಿ ಅಂತ ಕರೀತಿದ್ದೆ. ಕೂತ್ ಅನ್ನೋ ಊರಿನಾಗೆ ನಮ್ಮ ದಂಡು ತುರ್ಕರ ಮುತ್ತಿಗೆಯಾಗೆ ಸಿಕ್ಕಿಬಿದ್ದಿತ್ತು. ಅವರನ್ನ ಬಿಡಿಸಾಕೆ ಅಂತ ನಾವು ಹೊಳೆ ದಂಡೆ ಹಿಡಿದು ಹೋದ್ವಿ. ಮಳೆ ಅಂದ್ರೆ ಮಳೆ. ಅಲ್ಲಿನ ಕೆಸರು ನಮ್ಮ ಸೂಳೆಕೆರೆ ಗದ್ದೆ ಕೆಸರು ಅಲ್ಲ, ಹಿಡಿದ್ರೆ ಬಿಡಾಕಿಲ್ಲ. ಚಾಂದನಿ ಹೊಟ್ಟೆ ಮಟ ಹೂತ್ಕೊಂಡ್ತು. ಬೆನ್ನ ಮೇಲಿನ ಪೆಟ್ಟಿಗೆ ಬಿಚ್ಕೊಂಡು, ಅದನ್ನ ಅಲ್ಲೇ ಬಿಟ್ಟು ಮುಂದೆ ನಡೀರಿ ಅಂದ್ರು. ಕೂತ್‌ನೋರನ್ನಾದ್ರೂ ಬಿಡಿಸಿದ್ವಾ? ಅದೂ ಇಲ್ಲ. ಅವರು ತಮ್ಮ ಕುದುರೆ, ಹೇಸರಗತ್ತೆ ಎಲ್ಲ ತಿಂದು ಮುಗಿಸಿ, ಕೊನೆಗೆ ಕೈ ಎತ್ತಿದ್ರು."

ಇಪ್ಪತ್ತೈದು ವರ್ಷದ ಗೆಳೆತನದಲ್ಲಿ ಗಾದ್ರಪ್ಪ ಈ ಮಾತು ಕೇಳಿರಲಿಲ್ಲ. ಮೌಲಾಸಾಬ ಬಸ್ರಾದ ಖರ್ಜೂರದ ಕಥೆ ಹೇಳುತ್ತಿದ್ದ, ಬಿಸಿಲಿನ ಕಥೆ ಹೇಳುತ್ತಿದ್ದ, ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದನ್ನು ನಗಿಸುತ್ತ ಹೇಳುತ್ತಿದ್ದ. ಇದನ್ನು ಹೇಳಿರಲಿಲ್ಲ. ಈಗಲೂ ಅವನು ಹೇಳುತ್ತಿದ್ದುದು ಗಾದ್ರಪ್ಪನಿಗಲ್ಲ.

"ಸಂಜೆ ಆದ್ರೆ ಆ ಕಡೆಯಿಂದ ಬಾಂಗ್ ಕೇಳಿಸೋದು ಅಂಜಿನಿ," ಎಂದ ಮೌಲಾಸಾಬ. "ತುರ್ಕರ ಕಂದಕದಿಂದ. ನಮ್ಮ ನ್ಯಾಮತಿ ಮಸೀದೀಲಿ ಕೂಗ್ತಾರಲ್ಲ, ಅದೇ ಬಾಂಗ್, ಅದೇ ಮಾತು. ಅವರು ಅಲ್ಲಿ ನಮಾಜಿಗೆ ನಿಲ್ಲೋರು, ನಾವು ಇಲ್ಲಿ ನಿಲ್ಲೋದು. ಇಬ್ಬರ ಮುಖವೂ ಒಂದೇ ಕಡೆಗೆ. ನಮಾಜು ಮುಗೀತಿದ್ದಂಗೆ ಮತ್ತೆ ಬಂದೂಕು."

ಅಂಜಿನಪ್ಪನ ಎರಡೂ ಅಂಗೈ ಎತ್ತಿನ ಕಾಲಿನ ಮೇಲೆ ಬಿಗಿದಿದ್ದವು. ಆಮೇಲೆ ಅವನಾಗಿಯೇ ಶುರುಮಾಡಿದ.

"ನಾನು ಮೊದಲು ಬಂಗಾಳದಾಗಿದ್ದೆ ಮಾಮ. ನಲವತ್ಮೂರರಾಗೆ. ಲಾರಿ ತುಂಬ ಅಕ್ಕಿ ಮೂಟೆ, ಎಲ್ಲಾ ದಂಡಿಗೆ. ರಸ್ತೆ ಎರಡೂ ಕಡೆ ಜನ. ಜನ ಅಂದ್ರೆ ಜನ ಅಲ್ಲ, ಎಲುಬು. ಎದ್ದು ಬರಾಕೂ ಆಗ್ತಿರಲಿಲ್ಲ ಅವರಿಗೆ. ಗಾಡಿ ನಿಲ್ಲಿಸಬಾರದು ಅಂತ ಹುಕುಂ. ನಾವು ನಮ್ಮ ಪಾಲಿನ ರೊಟ್ಟಿ ಎಸೀತಿದ್ವಿ. ಅದನ್ನ ಅಗಿಯಾಕೂ ಶಕ್ತಿ ಇರಲಿಲ್ಲ ಕೆಲವರಿಗೆ."

ಎತ್ತಿನ ತಲೆಯ ಕಡೆಯಿಂದ ಗಾದ್ರಪ್ಪ ಕೆಮ್ಮಿದ. "ಮೌಲಾ," ಎಂದ, ಮಗನ ಕಡೆ ನೋಡದೆ. "ಆ ಜನ ಏನಂತ ಕೂಗ್ತಿದ್ರಂತೆ, ಕೇಳು."

ಅಂಜಿನಪ್ಪನಿಗೆ ಅದು ಕೇಳಿಸಿತ್ತು, ಮತ್ತೆ ಕೇಳಬೇಕಾದ ಅಗತ್ಯವೇನೂ ಇರಲಿಲ್ಲ. ಆದರೂ ಮೌಲಾಸಾಬ ಗಂಭೀರವಾಗಿ ಅಂಜಿನಪ್ಪನತ್ತ ತಿರುಗಿ, "ಏನಂತ ಕೂಗ್ತಿದ್ರಪ್ಪ?" ಎಂದು ಕೇಳಿದ.

"'ಫ್ಯಾನ್ ದಾವ್' ಅಂತ. ಅವರ ಮಾತಿನಾಗೆ ಫ್ಯಾನ್ ಅಂದ್ರೆ ಗಂಜಿ ತಿಳಿ. ಅನ್ನ ಕೇಳ್ತಿರಲಿಲ್ಲ ಮಾಮ. ಅನ್ನ ಬಸಿದ ನೀರು ಕೊಡ್ರಿ ಅಂತಿದ್ರು."

ಗಾದ್ರಪ್ಪ ಮೂಗುದಾರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಬಂಗಾಳದ ಕ್ಷಾಮದ ಬಗ್ಗೆ ಅವನು ಹೊನ್ನಾಳಿಯಲ್ಲಿ ಭಾಷಣ ಮಾಡಿದವನು. ಬ್ರಿಟಿಷರ ಯುದ್ಧ ಬಂಗಾಳದ ಅನ್ನ ತಿಂದಿತು ಎಂದು ಸಂತೆಯಲ್ಲಿ ಕೂಗಿ ಹೇಳಿದವನು. ಆ ಅನ್ನವನ್ನು ಹೊತ್ತ ಲಾರಿಯ ಸ್ಟೇರಿಂಗ್ ತನ್ನ ಮಗನ ಕೈಯಲ್ಲಿತ್ತು ಎಂಬುದು ಅವನಿಗೆ ಈಗ ತಿಳಿಯಿತು. ಮೌಲಾಸಾಬ ಗೆಳೆಯನ ಮುಖ ನೋಡಿ, ಇನ್ನು ಕೆಲಸ ಕೆಟ್ಟಿತು ಎಂದುಕೊಂಡ. ಅಂಜಿನಪ್ಪ ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಇನ್ನೊಮ್ಮೆ ಶುರುವಾಗದೆಂದು ಅವನಿಗೆ ಗೊತ್ತಿದ್ದಂತಿತ್ತು.

"ಆಮೇಲೆ ಮಣಿಪುರದ ಬೆಟ್ಟಕ್ಕೆ ಹಾಕಿದ್ರು. ಮೇಲಕ್ಕೆ ಹೋಗ್ತಾ ಗುಂಡು, ಕೆಳಕ್ಕೆ ಬರ್ತಾ ಗಾಯ ಆದೋರು. ನಿನಗೆ ಬಾಂಗ್ ಕೇಳಿಸಿತ್ತಲ್ಲ ಮಾಮ, ನಮಗೆ ಆ ಕಡೆಯಿಂದ ಹಿಂದೂಸ್ತಾನಿ ಕೇಳಿಸ್ತಿತ್ತು, ತಮಿಳು ಕೇಳಿಸ್ತಿತ್ತು. 'ಅಣ್ಣ ತಮ್ಮಂದಿರಾ, ಗುಂಡು ಹೊಡೀಬ್ಯಾಡ್ರಿ, ಈ ಕಡೆ ಬರ್ರಿ' ಅಂತ. ಜಪಾನಿನೋರ ಜತೆಗೆ ನಮ್ಮೋರ ಫೌಜೂ ಇತ್ತಲ್ಲ. ಒಂದು ಸಲ ಅವರ ಪೈಕಿ ಒಬ್ಬ ಸಿಕ್ಕಿಬಿದ್ದ. ಜ್ವರ, ಕಾಲಿಗೆ ಗುಂಡು. ಹಿಂದೆ ಜಾಗ ಇಲ್ಲ ಅಂತ ನನ್ನ ಪಕ್ಕದಾಗೇ ಕೂರಿಸಿದ್ರು. ಮಲಯಾದ ರಬ್ಬರ್ ತೋಟದ ಕೂಲಿ ಅವನು. 'ನೀನ್ಯಾಕೆ ಈ ಕಡೆ?' ಅಂತ ನನ್ನ ಕೇಳಿದ. ಲಾರಿ ಓಡಿಸಾಕೆ ಅಂದೆ. ನಕ್ಕ. 'ನನಗೂ ಆ ತೋಟ ಬಿಟ್ಟು ಬರಾಕೆ ಒಂದು ನೆವ ಬೇಕಿತ್ತು ತಮ್ಮಾ' ಅಂದ. ಇಳಿಜಾರು ಮುಗಿಯೋ ತನಕ ಅವನು ಜೈ ಹಿಂದ್ ಅನ್ನೋನು, ನಾನು 'ಸುಮ್ಮನಿರು, ಯಾರಾದ್ರೂ ಕೇಳಿಸ್ಕೋತಾರೆ' ಅಂತಿದ್ದೆ."

"ನೀರು ಕೊಟ್ಟೆಯೇನಲೇ ಅವನಿಗೆ?"

ಈ ಸಲ ಪ್ರಶ್ನೆ ಮೌಲಾಸಾಬನ ಮೂಲಕ ಬರಲಿಲ್ಲ. ನಾಲ್ಕು ವರ್ಷಗಳ ಮೇಲೆ ಅಪ್ಪ ಮಗನಿಗೆ ಆಡಿದ ಮೊದಲ ಮಾತು ಅದು.

"ಕೊಟ್ಟೆ," ಎಂದ ಅಂಜಿನಪ್ಪ. "ನನ್ನ ಬಾಟಲಿಯಾಗಿದ್ದಷ್ಟೂ ಕೊಟ್ಟೆ ಅಪ್ಪ."

"ಬದುಕಿದನಾ?"

"ಗೊತ್ತಿಲ್ಲ. ಇಳಿಸ್ಕೊಂಡು ಹೋದ್ರು."

ಇಲ್ಲಿಗೆ ನಿಂತಿದ್ದರೆ ಮೌಲಾಸಾಬನ ಯೋಜನೆ ಲಕ್ಷಣವಾಗಿ ಮುಗಿಯುತ್ತಿತ್ತು. ಆದರೆ ಗಾದ್ರಪ್ಪ ಗಾದ್ರಪ್ಪನೇ. ಒಂದು ಸಲ ಬಾಯಿ ತೆರೆದ ಮೇಲೆ ನಾಲ್ಕು ವರ್ಷದ್ದೆಲ್ಲ ಒಟ್ಟಿಗೆ ಬಂತು.

"ಲಾರಿ ಓಡಿಸಾಕೆ! ಲಾರಿ ಓಡಿಸಾಕೆ ಹೋದೆನೇನಲೇ ನೀನು? ಈ ಮೌಲಾ ಹೋದಾಗ ಯಾರಿಗೇನು ಗೊತ್ತಿತ್ತು? ಕಾಂಗ್ರೆಸ್ಸಿನ ದೊಡ್ಡೋರೇ ಹೋಗ್ರಿ ಅಂದಿದ್ರು. ಗೆಲ್ಲಿಸಿಕೊಡ್ರಿ, ಸ್ವರಾಜ್ಯ ಕೊಡ್ತೀವಿ ಅಂತ ಬ್ರಿಟಿಷರು ಆಸೆ ತೋರಿಸಿದ್ರು, ಕೊಟ್ಟಿದ್ದು ಗುಂಡು. ಅದು ಮಾತು ಕೊಟ್ಟು ಮುರಿದ ಯುದ್ಧ. ನಿನ್ನದು? ನಮ್ಮನ್ನ ಒಂದು ಮಾತೂ ಕೇಳದೆ ನಮ್ಮ ಹೆಸರಿನಾಗೆ ಹೂಡಿದ ಯುದ್ಧ. ಅದು ತಿಳೀಲಿ ಅಂತ ನಿನ್ನ ಅಪ್ಪ ಜೈಲಿನಾಗೆ ಕುಂತಿದ್ದ!"

"ಗೊತ್ತಿತ್ತಪ್ಪ. ನೀನು ಮನೇಲಿದ್ದಿದ್ರೆ ಬಿಡ್ತಿರಲಿಲ್ಲ. ಅದಕ್ಕೇ ಆಗ ಹೋದೆ."

"ಆಹಾ!"

"ಹೊನ್ನಾಳಿ ಬಸ್ಸಿನಾಗೆ ಕ್ಲೀನರ್ ಆಗಿ ಇಂಜಿನ್ನಿನ ಒಲೆಗೆ ಇದ್ದಿಲು ಸುರಿದೂ ಸುರಿದೂ ಸಾಕಾಗಿತ್ತು. ಸ್ಟೇರಿಂಗ್ ಮುಟ್ಟಾಕೆ ಯಾರೂ ಬಿಡ್ತಿರಲಿಲ್ಲ. ಮಿಲಿಟರಿಯೋರು ಕಲಿಸ್ತೀವಿ ಅಂದ್ರು. ಅಷ್ಟೇ ನಾನು ಕಂಡಿದ್ದು. ಆದ್ರೆ ಅಪ್ಪ, ಬರ್ಮಾದಿಂದ ನಡ್ಕೊಂಡು ಬಂದೋರ ಕಥೆ ನಾನು ಅಲ್ಲಿ ಕೇಳೀನಿ. ಜಪಾನಿನೋರು ಬಂದಿದ್ರೆ ನಮ್ಮನ್ನ ಬಿಡ್ತಿದ್ರೇನು? ಹಿಟ್ಲರ್ ಬಂದಿದ್ರೆ ನಿನ್ನ ಶಿವಮೊಗ್ಗ ಜೈಲಿನಾಗೆ ಕೂರಿಸಿ ಮುದ್ದೆ ಹಾಕ್ತಿದ್ನೇನು?"

"ಆ ಕಳ್ಳನ್ನ ಓಡಿಸಾಕೆ ಈ ಬ್ರಿಟಿಷ್ ದರೋಡೆಕಾರನ ಕೈಗೆ ದೊಣ್ಣೆ ಕೊಡ್ತಾರೇನಲೇ?" ಗಾದ್ರಪ್ಪ ಎರಡೂ ಕೈ ಮೇಲೆತ್ತಿದ.

ಮೂಗುದಾರ ಕೈಬಿಟ್ಟಿತ್ತು.

ಎತ್ತು ಒಮ್ಮೆ ತಲೆ ಬೀಸಿತು. ಗಾದ್ರಪ್ಪ ಹಿಂದಕ್ಕೆ ಉರುಳಿದ. ಕೊಸರಾಟಕ್ಕೆ ಕಾಲಿನ ಹಗ್ಗ ಅರ್ಧ ಬಿಚ್ಚಿಕೊಂಡು, ಅದು ಏಳಲು ಹೋಗಿ, ಮಗ್ಗುಲಾಗಿ, ತನ್ನ ಭಾರವನ್ನೆಲ್ಲ ಒಂದು ಗೊರಸಿನ ಮೇಲೆ ಹಾಕಿತು. ಆ ಗೊರಸಿನ ಕೆಳಗೆ ಮೌಲಾಸಾಬನ ಪಾದವಿತ್ತು. ಅವನ ಕೂಗು ಸಂತೆ ಬಯಲಿನ ಆ ತುದಿಗೆ ಕೇಳಿಸಿತು. ಅಂಜಿನಪ್ಪ ಹಾರಿ ಕೊಂಬು ಹಿಡಿದು ಎತ್ತನ್ನು ಪಕ್ಕಕ್ಕೆ ತಳ್ಳಿದ; ಗಾದ್ರಪ್ಪ ತೆವಳಿಕೊಂಡು ಬಂದು ಗೆಳೆಯನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಹೆಬ್ಬೆರಳು ಜಜ್ಜಿ ರಕ್ತ ಸುರಿಯುತ್ತಿತ್ತು.

"ಮೌಲಾ, ಏ ಮೌಲಾ, ನನ್ನಪ್ಪಾ, ನೋವಾಗ್ತೈತೇನೋ?"

"ಇಲ್ಲ ಕಣೋ, ಹಿತವಾಗೈತೆ!" ಎಂದು ಮೌಲಾಸಾಬ ಹಲ್ಲು ಕಚ್ಚಿ ಹೇಳಿದ.

ಅಪ್ಪ ಒಂದು ಕಡೆ, ಮಗ ಒಂದು ಕಡೆ ಹೆಗಲು ಕೊಟ್ಟು ಅವನನ್ನು ಮನೆಗೆ ಎತ್ತಿಕೊಂಡು ಹೋದರು. ದಾರಿಯುದ್ದಕ್ಕೂ ಇಬ್ಬರೂ ಮಾತಾಡುತ್ತಲೇ ಇದ್ದರು. "ನಿಧಾನಕ್ಕೆ ಹಿಡಿಯಲೇ" ಎಂದು ಅವನು, "ನೀನೇ ಎಳೀತಿದಿ ಅಪ್ಪ" ಎಂದು ಇವನು. ನೋವಿನ ನಡುವೆಯೂ ಮೌಲಾಸಾಬನಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ತೋರಿಸಿಕೊಂಡರೆ ಇಬ್ಬರೂ ಬಿಟ್ಟು ಹೋದಾರೆಂದು ನರಳುವುದನ್ನು ಇನ್ನಷ್ಟು ಜೋರು ಮಾಡಿದ.

ಬಾಗಿಲಲ್ಲಿ ರಹಮತ್‌ಬೀ ನಿಂತಿದ್ದಳು. ಅರಿಸಿನ, ಸುಣ್ಣ, ಹಳೆಯ ಬಟ್ಟೆ ತಂದು ಬೆರಳಿಗೆ ಕಟ್ಟುತ್ತ, "ಬಸ್ರಾದಿಂದ ಇಡೀ ಮೈ ತಂದೋರು ಇವರು," ಎಂದಳು. "ತುರ್ಕರ ತೋಪಿಗೆ ಸಿಗದ ಕಾಲು ಗಾದ್ರಣ್ಣನ ಎತ್ತಿಗೆ ಸಿಕ್ತಲ್ಲ! ಏನ್ರೀ ಗಾದ್ರಣ್ಣ, ನೀವು ಹಿಂಸೆ ಮಾಡಾಕಿಲ್ಲ ಅಲ್ವಾ? ಖಾದಿ ತೊಟ್ಟೀರಿ?"

ಗಾದ್ರಪ್ಪ ತಲೆ ತಗ್ಗಿಸಿದ. ಅಂಜಿನಪ್ಪನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದನ್ನು ನೋಡಿ ಗಾದ್ರಪ್ಪನೂ ನಕ್ಕುಬಿಟ್ಟ, ಕೂಡಲೇ ಮುಖ ಗಂಟಿಕ್ಕಿಕೊಂಡ.

ಎತ್ತನ್ನು ಹಾಗೇ ಬಿಡುವಂತಿರಲಿಲ್ಲ. ಮೂರು ಕಾಲಿಗೆ ಲಾಳವಾಗಿ ಒಂದು ಬರಿಗಾಲು ಉಳಿದಿತ್ತು. ಅದನ್ನು ಮನೆಯ ಅಂಗಳಕ್ಕೇ ತಂದು ಕೆಡವಿದರು. ಮೌಲಾಸಾಬ ಮಂಚದ ಮೇಲೆ ಒರಗಿ ಹೇಳಿಕೊಟ್ಟ, ಅಂಜಿನಪ್ಪ ಸುತ್ತಿಗೆ ಹಿಡಿದ, ಗಾದ್ರಪ್ಪ ಈ ಸಲ ಮೂಗುದಾರವನ್ನು ಮುಂಗೈಗೆ ಸುತ್ತಿಕೊಂಡು ಕೂತ. ಎರಡು ಮೊಳೆ ಡೊಂಕಾದವು, ಮೂರನೆಯದು ನೆಟ್ಟಗೆ ಕೂತಿತು. ಲಾರಿ ಚಕ್ರ ಬಿಚ್ಚಿ ಕಲಿತ ಕೈ ಬೇಗ ಹದಕ್ಕೆ ಬಂತು.

ಆಮೇಲೆ ಮೂವರೂ ಚಹಾ ಕುಡಿದರು. ಮಧ್ಯಾಹ್ನದ ತನಕ ಮಾತು ಸಾಗಿತು. ಬಸ್ರಾದ ಬಿಸಿಲು ಹೆಚ್ಚೋ ಮಣಿಪುರದ ಮಳೆ ಹೆಚ್ಚೋ, ಅಲ್ಲಿ ಕೊಟ್ಟ ಬಿಸ್ಕತ್ತು ಗಟ್ಟಿಯೋ ಇಲ್ಲಿ ಕೊಟ್ಟದ್ದೋ ಎಂದು ಹಳೆಯ ಸಿಪಾಯಿ ಹೊಸ ಸಿಪಾಯಿ ಪೈಪೋಟಿಗೆ ಬಿದ್ದರು. ಗಾದ್ರಪ್ಪ ನಡುನಡುವೆ ಜೈಲಿನ ಮುದ್ದೆ ಎರಡಕ್ಕಿಂತಲೂ ಗಟ್ಟಿ ಎಂದು ತನ್ನದನ್ನೂ ಸೇರಿಸಿದ. ಒಮ್ಮೆ ಮಾತು ನಿಂತಾಗ ಮೌಲಾಸಾಬ ಕೇಳಿದ:

"ಗಾದ್ರಿ, ನಮ್ಮೋರೇ ನನ್ನ ಸಲಾಮು ತಗೊಳ್ಳದಾಗ ನೀನು ಬಂದೆ. ಇವನಿಗೆ ಯಾಕೋ ಇಷ್ಟು ಕಾಡಿದಿ?"

"ನೀನು ನನ್ನ ಮಗ ಅಲ್ಲ," ಎಂದ ಗಾದ್ರಪ್ಪ. "ನೀನು ತಪ್ಪು ಮಾಡಿದ್ರೆ ಅದು ನಿನ್ನ ತಪ್ಪು. ಇವನು ಮಾಡಿದ್ರೆ ನಾನು ಎಲ್ಲಿ ಕೆಟ್ಟೆ ಅಂತ ಹುಡುಕಬೇಕಾಗ್ತೈತೆ. ಈಗಲೂ ಅದು ತಪ್ಪೇ. ಎರಡು ಯುದ್ಧನೂ ತಪ್ಪೇ. ಆದ್ರೆ ಮೌಲಾ, ಜೈಲಿನಾಗೆ ಗೋಡೆ ನೋಡ್ಕೊಂಡು ಕುಂತು ಇವನ ಮೇಲೆ ಎಷ್ಟು ಸಿಟ್ಟು ಮಾಡ್ಕೊಂಡ್ನೋ, ಇವನು ಸತ್ತುಗಿತ್ತಾನು ಅಂತ ಅಷ್ಟೇ ಹೆದರ್ಕೊಂಡಿದ್ದೆ. ಬಂದು ಬಾಗಿಲಿನಾಗೆ ನಿಂತಾಗ ಯಾವುದನ್ನ ಮೊದಲು ತೋರಿಸ್ಬೇಕು ಅಂತ ತಿಳೀಲಿಲ್ಲ."

ಅಂಜಿನಪ್ಪ ಎದ್ದು ಎತ್ತಿಗೆ ನೀರು ಕುಡಿಸುವ ನೆವದಲ್ಲಿ ಅಂಗಳಕ್ಕೆ ಹೋದ. ರಹಮತ್‌ಬೀ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆಯನ್ನು ಬೈದಳು.

ಮರುದಿನ ಹುಲಿಗೆಮ್ಮ ಒಂದು ಗಡಿಗೆ ಮಜ್ಜಿಗೆ ಹೊತ್ತು ಕಾಲು ನೋಡಲು ಬಂದಳು. ಅವಳ ಕಣ್ಣು ಕೆಂಪಾಗಿದ್ದವು.

"ಏನಾತು ತಂಗಿ?" ಎಂದು ಮೌಲಾಸಾಬ ಗಾಬರಿಯಿಂದ ಕೇಳಿದ.

"ಏನಾತಾ? ನಿದ್ದೆ ಇಲ್ಲ ಅಣ್ಣ! ನಿನ್ನ ಮನೆ ಬಿಟ್ಟಾಗ ಹಿಡ್ಕೊಂಡಿದ್ದು, ಮಲಗಿದ ಮೇಲೂ ಬಿಡಲಿಲ್ಲ. ಅವನು ಜಪಾನು ಅಂತಾನೆ, ಇವರು ಚರ್ಚಿಲ್ಲು ಅಂತಾರೆ. ಅಕ್ಕಪಕ್ಕದೋರು ಎದ್ದು ಬಂದ್ರು, ಏನು ಹೊಲದ ಜಗಳನಾ ಅಂತ." ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು, ನಗುವಿನ ಜೊತೆ ನೀರೂ ಬಂತು. "ರಹಮತಕ್ಕ, ಮಗ ಬಂದ ಅಂತ ನಿನ್ನೆ ಗೊತ್ತಾತು ನನಗೆ."

ಬೆರಳು ವಾಸಿಯಾಗಲು ಬಹಳ ದಿನ ಹಿಡಿಯಿತು. ಆಮೇಲೆ ಕೂಡ ಮೌಲಾಸಾಬ ಸ್ವಲ್ಪ ಕುಂಟುತ್ತಿದ್ದ.

ಮುಂದಿನ ವರ್ಷ ದೇಶ ಸ್ವತಂತ್ರವಾಯಿತು. ಮೈಸೂರು ಸಂಸ್ಥಾನದಲ್ಲಿ ಮಾತ್ರ ಜನರ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ಮತ್ತೆ ಚಳವಳಿ ಶುರುವಾಯಿತು. ಅಂಜಿನಪ್ಪ ಆಗ ತ್ಯಾವಣಿಗೆಯ ಭತ್ತದ ವ್ಯಾಪಾರಿಯೊಬ್ಬನ ಲಾರಿ ಓಡಿಸುತ್ತಿದ್ದ. ನ್ಯಾಮತಿಯಿಂದ ಶಿವಮೊಗ್ಗಕ್ಕೆ ಹೊರಟ ಸತ್ಯಾಗ್ರಹಿಗಳನ್ನು ಆ ಲಾರಿಯಲ್ಲೇ ಕರೆದೊಯ್ಯುವುದೆಂದಾಯಿತು. ಬೆಳಿಗ್ಗೆ ಸಂತೆ ಬಯಲಿನಲ್ಲಿ ಜನ ಸೇರಿತು. ಬಾವುಟ ಹಿಡಿದು ಬಂದಿದ್ದ ನಾಗೇಂದ್ರಪ್ಪ ಎಂಬ ಜವಳಿ ಅಂಗಡಿಯವನು ಡ್ರೈವರ್ ಜಾಗದಲ್ಲಿ ಕೂತವನನ್ನು ಕಂಡು ಹಿಂದೆ ಸರಿದ.

"ಬ್ರಿಟಿಷರ ಅನ್ನ ತಿಂದು ಅವರಿಗೆ ಗುಂಡು ಹೊತ್ತೋನ ಲಾರೀಲಿ ನಾನು ಸತ್ಯಾಗ್ರಹಕ್ಕೆ ಬರಾಕಿಲ್ಲ," ಎಂದ ಎಲ್ಲರಿಗೂ ಕೇಳುವಂತೆ.

ಹುಣಸೆಮರದ ಕೆಳಗೆ ಕೂತಿದ್ದ ಮೌಲಾಸಾಬ ಕತ್ತು ಚಾಚಿ ನೋಡಿದ. ಅಂಜಿನಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟು ಮುಂದಕ್ಕೆ ನೋಡುತ್ತ ಕೂತಿದ್ದ. ಗಾದ್ರಪ್ಪ ಗುಂಪನ್ನು ಸೀಳಿಕೊಂಡು ಬಂದು ನಾಗೇಂದ್ರಪ್ಪನ ಎದುರು ನಿಂತ.

"ಏನ್ರೀ, ನನ್ನ ಮಗನ್ನ ಬೈಯಾಕೆ ನಾನಿದೀನಿ. ದಿನಾ ಬೈತೀನಿ, ಮೂರು ಹೊತ್ತೂ ಬೈತೀನಿ. ನೀವ್ಯಾರು? ಮಿಲಿಟರಿಗೆ ಜವಳಿ ಮಾರಿದಾಗ ನಿಮಗೆ ಸತ್ಯ ನೆನಪಾಗಲಿಲ್ಲೇನು? ಬರೋದಾದ್ರೆ ಹತ್ರಿ, ಇಲ್ಲ ನಡ್ಕೊಂಡು ಬರ್ರಿ. ನಾನಂತೂ ಮುಂದೇನೇ ಕೂರ್ತೀನಿ."

ನಾಗೇಂದ್ರಪ್ಪ ಹಿಂದುಗಡೆಯಿಂದ ಲಾರಿ ಹತ್ತಿದ. ಗಾದ್ರಪ್ಪ ಮಗನ ಪಕ್ಕದಲ್ಲಿ ಏರಿ ಕೂತು ಬಾಗಿಲು ಎಳೆದುಕೊಂಡ. ಲಾರಿ ಇನ್ನೂ ಹೊರಟಿರಲಿಲ್ಲ, ಆಗಲೇ ಒಳಗಿನಿಂದ ಅವನ ದನಿ ಕೇಳಿಸಿತು: "ಆದ್ರೂ ಅಂಜಿನಿ, ಆವತ್ತು ಮಣಿಪುರದ ವಿಷಯದಾಗೆ ನೀನು ಹೇಳಿದ್ದು ಒಪ್ಪಾಕಾಗಲ್ಲ ಕಣೋ..." ಮಗ ಏನೋ ಹೇಳಿದ, ಇಂಜಿನ್ನಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಅಪ್ಪನ ಕೈ ಮಾತ್ರ ಕಿಟಕಿಯಾಚೆ ಬೀಸಾಡುತ್ತಿತ್ತು.

ಧೂಳು ಅಡಗುವ ತನಕ ಮೌಲಾಸಾಬ ಅತ್ತಲೇ ನೋಡಿದ. ಹೊನ್ನಾಳಿ ಕಡೆಯ ರೈತನೊಬ್ಬ ಎತ್ತು ಹಿಡಿದು ಕಾಯುತ್ತಿದ್ದ. "ಬಾರಪ್ಪ," ಎಂದು ಮೌಲಾಸಾಬ ಕುಂಟುತ್ತ ಎದ್ದು ಹಗ್ಗ ಕೈಗೆತ್ತಿಕೊಂಡ.